ಎಂಜಲುಂಡ ಅಂಬಿಗರು

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಸುಳ್ಳಾಗಿದ್ದರೆ ಈ ನಾಲಿಗೆ ಇವತ್ತೇ ಬಿದ್ದುಹೋಗಲಿ. ಕೇಳುವವರು ನಂಬದಿದ್ದರೂ ಸರಿ, ನಡುವೆ ಎದ್ದು ಹೋಗದಿದ್ದರೆ ಸಾಕು.

"ಬ್ರಷ್ಷು ಬಾಯಿಗೆ ಹಾಕಬೇಡಪ್ಪಾ," ಎಂದಳು ಲೋಹದ ಪುಟ್ಟ ಗೊಂಬೆಗಳನ್ನು ಎರೆದು ಮಾರುವ ಎರಕದಜ್ಜಿ. "ಯಾವ ಬಣ್ಣ ಬೇಕಾದ್ರೂ ಹಚ್ಕೋ. ಎಂಜಲು ಮಾತ್ರ ತಾಗಿಸಬೇಡ."

ನಕ್ಷೆಯವನು ನಕ್ಕುಬಿಟ್ಟ. ಭೂಮಾಪನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಕ್ಷೆಗಳಿಗೆ ಬಣ್ಣ ತುಂಬುತ್ತಿದ್ದವನು ಅವನು. ಬ್ರಷ್ಷಿನ ತುದಿಯನ್ನು ತುಟಿಗಳ ನಡುವೆ ಎಳೆದು ಚೂಪು ಮಾಡಿಕೊಳ್ಳುವುದು ಅವನಿಗೆ ರೆಪ್ಪೆ ಬಡಿದಷ್ಟೇ ಸಹಜ. ಈ ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಕೆರೆ, ಎಷ್ಟು ಹೆದ್ದಾರಿ ನೆಕ್ಕಿದ್ದಾನೋ ಅವನಿಗೇ ಗೊತ್ತಿಲ್ಲ.

"ಯಾಕಜ್ಜಿ, ಸೀಸ ಇದೆಯಾ ಇದ್ರಲ್ಲಿ?"

"ಇದೆ. ಅದಕ್ಕಲ್ಲ."

"ಮತ್ಯಾಕೆ?"

"ನಿನ್ನ ಎಂಜಲು ಉಂಡ್ರೆ ಅವರು ನಿನ್ನೋರಾಗ್ತಾರೆ. ನೀನು ಅವರೋನಾಗ್ತೀಯ."

"ಒಳ್ಳೇದೇ ಆಯ್ತು ಬಿಡಿ. ಕಚೇರೀಲಂತೂ ನನ್ನೋರು ಅನ್ನೋರು ಒಬ್ಬರೂ ಇಲ್ಲ."

ಅಜ್ಜಿ ನಗಲಿಲ್ಲ. ಕಿಟಕಿಯಿಲ್ಲದ ಆ ಕಾರ್ಖಾನೆಯ ಕೋಣೆಯಲ್ಲಿ ಕಾದ ಲೋಹದ ವಾಸನೆ, ಸುಟ್ಟ ರಬ್ಬರಿನ ವಾಸನೆ, ಅವೆರಡರ ಅಡಿಯಲ್ಲಿ ಹಳಸಿದ ಮೀನಿನಂಥ ಇನ್ನೇನೋ ಒಂದು. ಅವಳು ರಟ್ಟಿನ ಡಬ್ಬಿಯನ್ನು ಮುಂದಕ್ಕೆ ತಳ್ಳಿದಳು. ಒಳಗೆ ಇಪ್ಪತ್ತನಾಲ್ಕು ವೈಕಿಂಗರು, ಸಾವಿರ ವರ್ಷದ ಹಿಂದೆ ಹಡಗಿನಲ್ಲಿ ಬಂದು ಊರು ದೋಚುತ್ತಿದ್ದ ಉತ್ತರ ಯುರೋಪಿನವರು. ಹೆಬ್ಬೆರಳಿನ ಗೆಣ್ಣಿನಷ್ಟೆತ್ತರದ, ಕುಳಿತ ಭಂಗಿಯ ಅಂಬಿಗರು. ಎಲ್ಲರ ಮುಷ್ಟಿಯೂ ಬಿಗಿದಿತ್ತು. ಮುಷ್ಟಿಯೊಳಗೆ ಹುಟ್ಟು ಇರಲಿಲ್ಲ, ತೂತು ಮಾತ್ರ.

ಇವರನ್ನು ಕೂರಿಸಲು ಮರದ ಹಡಗೊಂದು ಅವನ ಭಾವಮೈದುನನ ಮನೆಯಲ್ಲಿ ಕಾದಿತ್ತು. ಭಾವಮೈದುನನಿಗೆ ಮೇಜಿನ ಮೇಲಿನ ಯುದ್ಧದಾಟದ ಹುಚ್ಚು. ಭಾನುವಾರ ಬಂತೆಂದರೆ ಎಂಟು ಜನ ದೊಡ್ಡವರು ಅಳತೆ ಪಟ್ಟಿ ಹಿಡಿದು, ದಾಳ ಉರುಳಿಸಿ, ಅಂಗೈಯಗಲದ ಊರುಗಳನ್ನು ಲೂಟಿ ಮಾಡುತ್ತಿದ್ದರು. ಸೈನ್ಯಕ್ಕೆ ಬಣ್ಣ ಹಾಕುವ ಕೆಲಸ ಭಾವನದು, ಅಂದರೆ ನಕ್ಷೆಯವನದು.

"ಭಾವ, ಈ ಸಲನಾದ್ರೂ ಸ್ವಲ್ಪ ಬಣ್ಣ ಕಾಣೋ ಹಾಗೆ ಹಾಕಿ. ಹೋದ ಸಲದೋರು ಯುದ್ಧಕ್ಕೆ ಬಂದೋರ ಥರ ಇರಲಿಲ್ಲ, ಗೋಣಿಚೀಲ ಹೊತ್ಕೊಂಡು ಬಂದೋರ ಥರ ಇದ್ರು."

"ಆ ಕಾಲದಲ್ಲಿ ಹುಟ್ಟು ಹಾಕೋನಿಗೆ ಯಾವನಯ್ಯ ಕಡುಗೆಂಪು ಕೊಡ್ತಿದ್ದ? ಬೇರು ಅರೆದು, ಕುದಿಸಿ ತೆಗೀಬೇಕಿತ್ತು. ಅದೆಲ್ಲ ದಣಿಗಳಿಗೆ."

"ಕಪ್ಪು?"

"ಅಚ್ಚಗಪ್ಪು ಸುಲಭಕ್ಕೆ ಸಿಗ್ತಿರಲಿಲ್ಲ. ಕಪ್ಪು ಕುರಿ ಇದ್ರೆ ಅದರ ಉಣ್ಣೆ. ಅಷ್ಟೇ."

"ಕೊಂಬಿನ ಟೋಪಿ—"

"ಅದು ನಾಟಕದೋರು ಹುಟ್ಟಿಸಿದ್ದು. ಆ ಮಾತೆತ್ತಿದ್ರೆ ಎದ್ದು ಹೋಗ್ತೀನಿ ನೋಡು."

ಬಣ್ಣದ ವಿಷಯದಲ್ಲಿ ಅವನಿಗೆ ಗುರುವೆಂದರೆ ಹೆಂಡತಿ. ಲಾಂಡ್ರಿಯಲ್ಲಿ ಕಲೆ ತೆಗೆಯುವುದು ಅವಳ ಕೆಲಸ. ಯಾವ ಬಣ್ಣ ಬಿಸಿಲಿಗೆ ಸೋಲುತ್ತದೆ, ಯಾವುದು ನೀರಿಗೆ, ಯಾವುದು ಬೆವರಿಗೆ, ಎಲ್ಲ ಅವಳ ಬೆರಳ ತುದಿಯಲ್ಲಿ. "ರೀ, ಈ ನೀಲಿ ಇಷ್ಟು ಗಟ್ಟಿ ಇರಲ್ಲ. ಸೊಪ್ಪಿನ ನೀಲಿ ತಾನೆ? ಹೆಗಲ ಮೇಲೆ ಬಿಸಿಲು ಹೊಡೆದು ಬೂದಿ ಬೂದಿ ಆಗಿರುತ್ತೆ," ಎನ್ನುವಳು. ಅವನು ಹೆಗಲ ಮೇಲೆ ಬೂದಿ ಬಳಿಯುವನು. ಊಟದ ಮೇಜಿನ ಎರಡು ತುದಿಯಲ್ಲಿ ಕೂತು ಹೀಗೆ ಇಪ್ಪತ್ತು ವರ್ಷ ಸಂಸಾರ ಮಾಡಿದ್ದರು.

ಮೊದಲ ಅಂಬಿಗನ ಗಡ್ಡಕ್ಕೆ ಬರುವಾಗ ಬ್ರಷ್ಷಿನ ಕೂದಲು ಕೆದರಿತು. ಅಭ್ಯಾಸಬಲ. ತುಟಿಗೆ ಎಳೆದ.

ನಾಲಿಗೆಗೆ ಉಪ್ಪು ಹತ್ತಿತು.

ಬಣ್ಣದ ರುಚಿ ಅವನಿಗೆ ಗೊತ್ತು. ಇದು ಅದಲ್ಲ. "ಅಜ್ಜಿ ಅಚ್ಚನ್ನು ಸರಿಯಾಗಿ ತೊಳೆದಿಲ್ಲ," ಎಂದುಕೊಂಡು ಮುಂದುವರಿಸಿದ. ಮೂರು ವಾರದಲ್ಲಿ ಇಪ್ಪತ್ತನಾಲ್ಕೂ ಮುಗಿದವು. ಬಣ್ಣ ಕಾಣದ ಉಣ್ಣೆ, ಮಾಸಿದ ಕಂದು, ಸೋತ ನೀಲಿ. ನೋಡಿದರೆ ನೋಡಿದವರಿಗೇ ಆಯಾಸವಾಗಬೇಕು, ಅಷ್ಟು ಚೆನ್ನಾಗಿ ಬಂದಿದ್ದರು.

ಆ ಭಾನುವಾರ ಮಧ್ಯಾಹ್ನ ಕುರ್ಚಿಯಲ್ಲೇ ಕಣ್ಣು ಮುಚ್ಚಿದ. ಕತ್ತಲೆ. ಮುಖಕ್ಕೆ ಅಂಟುವ ಮಂಜು. ಟಾರಿನ ವಾಸನೆ, ಒದ್ದೆ ಉಣ್ಣೆಯ ವಾಸನೆ. ಮುಂದೆ ಸಾಲು ಸಾಲು ಬೆನ್ನು. ಬೂದಿ ಬಿದ್ದ ಹೆಗಲುಗಳು, ಅವನೇ ಬಳಿದ ಬೂದಿ. ಯಾರೂ ತಿರುಗಲಿಲ್ಲ, ಯಾರೂ ಮಾತಾಡಲಿಲ್ಲ. ಅವನು ಕೊನೆಯ ಹಲಗೆಯ ಮೇಲೆ ಒಬ್ಬನೇ ಇದ್ದ. ಬಲಗೈಯಲ್ಲಿ ಒಂದು ಹುಟ್ಟು, ಎಡಗೈಯಲ್ಲಿ ಇನ್ನೊಂದು. ಕಿರ್ರ್. ಝಪ್. ಕಿರ್ರ್. ಝಪ್.

ಎದ್ದಾಗ ಹತ್ತೇ ನಿಮಿಷವಾಗಿತ್ತು. ಅಂಗೈಯಲ್ಲಿ ಎರಡು ಬೊಬ್ಬೆ.

ಮರುದಿನ ಬಸ್ಸಿನಲ್ಲಿ ತೂಕಡಿಸಿದ, ಹುಟ್ಟು ಹಾಕಿದ. ಕಚೇರಿಯಲ್ಲಿ ಊಟವಾದ ಮೇಲೆ ಕಣ್ಣೆಳೆಯಿತು, ಹುಟ್ಟು ಹಾಕಿದ. "ಏನ್ರೀ, ನಕ್ಷೆ ಮೇಲೆ ನೀರು ಚೆಲ್ಲಿದ್ದೀರಲ್ಲ!" ಎಂದು ಮೇಲಧಿಕಾರಿ ರೇಗಿದರು. ಅವನ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಿದ್ದೆಯೆಂದರೆ ದುಡಿಮೆ, ಎಚ್ಚರವೆಂದರೆ ಇನ್ನೊಂದು ದುಡಿಮೆ. ಎರಡೂ ಕಡೆ ರಜೆಯಿಲ್ಲ. ತಿಂಗಳೊಳಗೆ ಕೆನ್ನೆ ಒಳಸೇರಿತು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಎಂಬತ್ತು ವರ್ಷದೋರ ಹೃದಯ ಇದ್ದ ಹಾಗಿದೆ. ಏನು ಹೊರ್ತೀರಿ ನೀವು? ಹೀಗೇ ಆದ್ರೆ ಮಳೆಗಾಲ ದಾಟೋದು ಕಷ್ಟ."

ಥಿನ್ನರಿನಲ್ಲಿ ಅದ್ದಿ ಬಣ್ಣ ಕೀಳಲು ನೋಡಿದ. ಬಣ್ಣ ಬಿಡಲಿಲ್ಲ, ಲೋಹದೊಳಕ್ಕೇ ಇಳಿದಿತ್ತು. ಡಬ್ಬಿ ಹಿಡಿದು ಅಜ್ಜಿಯ ಬಳಿಗೆ ಓಡಿದ.

"ವಾಪಸ್ ತಗೊಳ್ಳಿ ಅಜ್ಜಿ. ಕರಗಿಸಿಬಿಡಿ."

"ಒಂದ್ಸಲ ಕರಗಿದೋರೇ ಕಣಪ್ಪ ಅವರು, ಕರಗಿಸಿದ್ರೂ ಹೋಗಲ್ಲ." ಅಜ್ಜಿ ಒಲೆಯ ಕಡೆ ನೋಡುತ್ತ ಹೇಳಿದಳು. "ಮುಳುಗಿದ ದೋಣಿಯೊಂದರ ಬಲೆಗೆ ಕಟ್ಟಿದ್ದ ಸೀಸ ಇದು. ನನ್ನ ಗಂಡ ಅಗ್ಗಕ್ಕೆ ಸಿಕ್ತು ಅಂತ ತಂದ. ಆ ದೋಣೀಲಿ ಇಪ್ಪತ್ತನಾಲ್ಕು ಜನ ಇದ್ರಂತೆ. ಇನ್ನೂ ದಡ ಸೇರಿಲ್ಲ. ಇವರಿಗೆ ಮೊದಲು ಬಣ್ಣ ಹಚ್ಚಿದೋನು ನನ್ನ ಗಂಡಾನೇ. ಅವನೂ ನಿನ್ನ ಹಾಗೇ, ಬ್ರಷ್ಷು ನೆಕ್ಕೋನು."

"ಆಮೇಲೆ?"

ಅವಳು ಅಂಗೈ ತೋರಿಸಿದಳು. ಎರಡೂ ಮರದ ತೊಗಟೆಯ ಹಾಗಿದ್ದವು.

"ಜೊತೆಗೊಬ್ಬರು ಎಂಜಲು ಕೊಟ್ರೆ ಭಾರ ಅರ್ಧ. ನಾನು ಕೊಟ್ಟೆ. ಆರು ವರ್ಷ ಬದುಕಿಸ್ಕೊಂಡೆ ಅವನನ್ನ. ಈಗ ಆ ಹಲಗೆ ಮೇಲೆ ಒಬ್ಳೇ, ನಿನಗಿಂತ ಮುಂದಿನ ಸಾಲಲ್ಲಿ. ಬೆನ್ನು ನೋಡಿ ಗುರುತು ಹಿಡೀಲಿಲ್ವಾ?" ಅಜ್ಜಿ ದನಿ ತಗ್ಗಿಸಿದಳು. "ಮನೇಲಿ ಹೇಳಬೇಡಪ್ಪಾ. ಹೇಳಿದ್ರೆ ನಿನ್ನ ಹೆಂಡ್ತಿ ಸುಮ್ಮನಿರಲ್ಲ."

ಅವನು ಡಬ್ಬಿ ಹಿಡಿದು ಮನೆಗೆ ಮರಳಿದ, ಹೇಳಲಿಲ್ಲ. ಹನ್ನೊಂದು ದಿನ ಹೇಳಲಿಲ್ಲ. ಆದರೆ ಅಂಗಿ ಒಗೆಯುವವಳು ಹೆಂಡತಿ.

ಹನ್ನೆರಡನೆಯ ದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಅವನ ಅಂಗಿಯನ್ನು ಮೇಜಿನ ಮೇಲೆ ಹಾಸಿದಳು. "ಬೆವರಿನ ಉಪ್ಪು ನಂಗೆ ಗೊತ್ತು, ಹಳದಿಯಾಗುತ್ತೆ. ಇದು ಬಿಳಿ. ಸಮುದ್ರದ ಉಪ್ಪು. ಸಮುದ್ರಕ್ಕೆ ಇಲ್ಲಿಂದ ಒಂದೂವರೆ ದಿನದ ರೈಲು. ಹೇಳ್ರೀ."

"ಏನಿಲ್ಲ ಕಣೆ."

"ಹೇಳ್ತೀರೋ, ನಾನೇ ಆ ಅಜ್ಜಿ ಹತ್ರ ಹೋಗ್ಲೋ?"

ಅವನಿಗೆ ಸುಳ್ಳು ಹೇಳುವಷ್ಟು ತ್ರಾಣವೂ ಉಳಿದಿರಲಿಲ್ಲ. ಸುಳ್ಳಿಗೂ ಮೈಯಲ್ಲಿ ಕಸುವು ಬೇಕು. ಮಂಜು, ಬೆನ್ನುಗಳು, ಅಜ್ಜಿಯ ಅಂಗೈ, ಎಲ್ಲ ಹೇಳಿದ. ಕಣ್ಣು ಎಳೆಯುತ್ತಿತ್ತು. ತಲೆಯನ್ನು ಕೈಯ ಮೇಲಿಟ್ಟು, ಮೇಜಿನ ಗೆರೆಗಳನ್ನು ನೋಡುತ್ತಲೇ ಹೇಳಿದ.

"...ಇನ್ನೊಬ್ಬರ ಎಂಜಲು ತಾಗಿದ್ರೆ ಭಾರ ಅರ್ಧ ಆಗುತ್ತಂತೆ. ನಂಗೆ ಬೇಡ. ನಾನು ಹೇಗೋ ಎಳೀತೀನಿ. ನೀನು ಮಾತ್ರ ಯಾವತ್ತೂ ಆ ಬ್ರಷ್ಷನ್ನ—"

ಎದುರಿನ ಕುರ್ಚಿ ಖಾಲಿಯಿತ್ತು.

ಒಳಗಿನ ಕೋಣೆಯಲ್ಲಿ ಗಾಜಿನ ಲೋಟಕ್ಕೆ ಬ್ರಷ್ಷು ಬಡಿಯುವ ಸದ್ದು. ಟಿಣ್. ಟಿಣ್. ರಟ್ಟಿನ ಡಬ್ಬಿಯ ಮುಚ್ಚಳ ತೆರೆದ ಸದ್ದು.

"ಬೇಡ ಕಣೆ!"

ಏಳಲು ನೋಡಿದ. ಕಾಲು ಕೇಳಲಿಲ್ಲ. ಮೇಜು ಹಿಡಿದ. ಕೈ ಜಾರಿತು. ಟಾರಿನ ವಾಸನೆ ಬಂತು. ಒದ್ದೆ ಉಣ್ಣೆಯ ವಾಸನೆ ಬಂತು. ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಂಡವು.

ಕಿರ್ರ್. ಝಪ್.

ಹಲಗೆಯ ಎಡಬದಿಯಲ್ಲಿ ಇನ್ನೊಬ್ಬರು ಕೂತಿದ್ದರು. ಎಡಗೈ ಹಗುರವಾಗಿತ್ತು.