ಹಲಗೆಯ ಮೇಲಿನ ಮೂರು ಅಂಕಿ

ಎರ್ನಾಕುಲಂನ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಉಳಿದಿದ್ದವರು ನಾವು ನಾಲ್ಕೇ ಜನ. ಸಭೆಯ ಐವತ್ತು ವರ್ಷಗಳ ಚರಿತ್ರೆ ಬರೆಯುತ್ತಿದ್ದ ನಾನು, ‘ಇಲ್ಲಿಗೆ ಕನ್ನಡ ಆರಾಧನೆ ನಿಂತಿತು’ ಎಂಬ ಕೊನೆಯ ಸಾಲನ್ನೂ ಬರೆದಿಟ್ಟಿದ್ದೆ.

ಮುಂದಿನ ಭಾನುವಾರದ ಮೊದಲ ಹಾಡಿನ ಸಂಖ್ಯೆಯನ್ನು ಗೋಡೆಯ ಹಲಗೆಗೆ ಸಿಕ್ಕಿಸಿಯೇ ಮನೆಗೆ ಹೋಗುವುದು ಸಭೆ ಕಟ್ಟಿದ ಸೋನ್ಸ್ ಮಾಸ್ಟರ ರೂಢಿ. ಅವರು ತೀರಿಕೊಂಡ ಮೇಲೆ ಅದು ನನ್ನ ಕೆಲಸ. ಸಭೆ ಮುಚ್ಚುವುದೆಂದು ನಿಶ್ಚಯಿಸಿದ್ದ ಆ ಕೊನೆಯ ಭಾನುವಾರ ಹಾಡು ಮುಗಿದೊಡನೆ ಮರದ ಅಂಕಿಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ.

ಮುಕ್ತಾಯದ ಪ್ರಾರ್ಥನೆಗೆ ಕಣ್ಣು ಮುಚ್ಚಿದೆವು. ಮಧ್ಯಾಹ್ನದ ಆ ಸೆಕೆಯಲ್ಲೂ ನನ್ನ ಕುತ್ತಿಗೆಗೆ ತಣ್ಣನೆಯ ಗಾಳಿ ತಾಗಿತು. ಟಕ್. ಟಕ್. ಟಕ್.

“ಕೇಳಿತಾ ಆಂಟಿ?” ಎಂದೆ.

“ಸುಮ್ನಿರು ಮಾರಾಯ್ತಿ,” ಪಕ್ಕದಲ್ಲಿದ್ದ ಎಸ್ತೇರಾಂಟಿ ಪಿಸುಗುಟ್ಟಿದರು. “ಮಾಸ್ಟ್ರಿಗೆ ಯಾವಾಗ್ಲೂ ಅವಸರ. ಆಮೆನ್ ಹೇಳುವವರೆಗೂ ಕಾಯ್ಲಿಕ್ಕೆ ಆಗುದಿಲ್ಲ.”

ಕಣ್ಣು ತೆರೆದರೆ ಹಲಗೆಯ ಮೇಲೆ ೨೧೭. ಬೀಗದ ಕೈ ನನ್ನ ಮುಷ್ಟಿಯಲ್ಲೇ ಇತ್ತು.

ಮುಂದಿನ ವಾರ ಬಂದು ಅದನ್ನೇ ಹಾಡಿದೆವು. ಮೊನ್ನೆ ಹದಿಮೂರು ಜನ ಸೇರಿದ್ದೆವು. ಚರಿತ್ರೆಯ ಕೊನೆಯ ಸಾಲನ್ನು ಹೊಡೆದುಹಾಕಿದ್ದೇನೆ. ಪೆಟ್ಟಿಗೆಯ ಬೀಗವನ್ನು ಮಾತ್ರ ಇದುವರೆಗೆ ತೆಗೆದಿಲ್ಲ. ಹಲಗೆಯ ಸಂಖ್ಯೆ ವಾರವಾರವೂ ಬದಲಾಗುತ್ತಿದೆ.