ಒಂದೇ ಪ್ಲಗ್ಗಿನ ಹಾಡು

“ನಾನೂ ಬರ್ತೀನಿ” ಎಂದು ಗುಬ್ಬಿ ಹೇಳಿದಾಗ ಜಿರಾಫೆ ಬಾಗಿಲ ಬಳಿ ಕೂತು ಶೂ ಲೇಸು ಕಟ್ಟುತ್ತಿದ್ದ. ಲೇಸು ಕೈಜಾರಿತು. ಮತ್ತೆ ಮೊದಲಿನಿಂದ ಕಟ್ಟತೊಡಗಿದ.

“ನೀನ್ಯಾಕೆ? ಅವರು ಹಾಡೋನನ್ನ ಮಾತ್ರ ಕರೆದಿರೋದು.”

“ಗೊತ್ತು. ಅದಕ್ಕೇ ಬರ್ತೀನಿ.”

ಜಿರಾಫೆ ತಲೆ ಎತ್ತಲಿಲ್ಲ. ರಿಪೇರಿಯಾದ ಆಂಪ್ಲಿಫೈಯರನ್ನು ಚೀಲಕ್ಕೆ ತುಂಬುತ್ತಿದ್ದ ಅಂಕಲ್, ಬರಲಿ ಬಿಡು, ಬಸ್ಸಿನಲ್ಲಿ ಸೀಟಿಗೇನು ಬರವೇ ಎಂದರು. ಅಲ್ಲಿಗೆ ಮಾತು ಮುಗಿಯಿತು.

ಅಂಕಲ್ ಎಂದರೆ ಜಿರಾಫೆಯ ಅಪ್ಪ. ಊರಿನವರ ಸ್ಪೀಕರು, ಮೈಕು, ರೆಕಾರ್ಡರುಗಳನ್ನೆಲ್ಲ ರಿಪೇರಿ ಮಾಡುವವರು. ಗುಬ್ಬಿಯ ಅಮ್ಮ ಟೈಲರ್. ಅವರಿಬ್ಬರೂ ಮದುವೆಯಾಗಿ ಹತ್ತು ತಿಂಗಳಾಗಿತ್ತು. ಎರಡು ಮನೆಯ ಸಾಮಾನು ಒಂದು ಮನೆಗೆ ಬಂದಿತ್ತು. ಎರಡು ಕುಕ್ಕರು, ಎರಡು ಇಸ್ತ್ರಿಪೆಟ್ಟಿಗೆ, ಇಬ್ಬರು ಹುಡುಗರು. ಒಬ್ಬನಿಗೆ ಹದಿನೈದು, ಇನ್ನೊಬ್ಬನಿಗೆ ಹದಿಮೂರು. ದೊಡ್ಡವನ ತಲೆ ಬಾಗಿಲಿಗೆ ತಾಗುತ್ತಿತ್ತು, ಚಿಕ್ಕವನ ಕೈ ಕಪಾಟಿನ ಮೇಲಿನ ಹಲಗೆಗೆ ಎಟುಕುತ್ತಿರಲಿಲ್ಲ. ಮೊದಲ ವಾರವೇ ಇವನು ಅವನನ್ನು ಜಿರಾಫೆ ಎಂದ, ಅವನು ಇವನನ್ನು ಗುಬ್ಬಿ ಎಂದ. ಬೈಯಲು ಇಟ್ಟ ಹೆಸರುಗಳು, ಹಾಗೆಯೇ ಅಂಟಿಕೊಂಡವು.

ಇಬ್ಬರಿಗೂ ಸೇರಿ ಮಹಡಿಯ ಮೇಲೆ ಒಂದು ಕೋಣೆ. ಆ ಕೋಣೆಗೆ ಒಂದೇ ಒಂದು ಪ್ಲಗ್ ಪಾಯಿಂಟ್. ಗೋಡೆಯೊಳಗಿನ ವೈರು ಹಳೆಯದು, ಎರಡು ಸಾಮಾನು ಹಾಕಿದರೆ ಇಡೀ ಮನೆಯ ಫ್ಯೂಸ್ ಹಾರುತ್ತಿತ್ತು. ಊರಿನ ಮಷೀನುಗಳನ್ನೆಲ್ಲ ರಿಪೇರಿ ಮಾಡುವ ಅಂಕಲ್‌ಗೆ ಸ್ವಂತ ಮನೆಯ ಗೋಡೆಗೆ ಮಾತ್ರ ಪುರುಸೊತ್ತು ಸಿಕ್ಕಿರಲಿಲ್ಲ. ಹಾಗಾಗಿ ಗುಬ್ಬಿಯ ಟೇಬಲ್ ಲ್ಯಾಂಪ್ ಉರಿದರೆ ಜಿರಾಫೆಯ ಕೀಬೋರ್ಡ್ ಸುಮ್ಮನಾಗಬೇಕು. ಕೀಬೋರ್ಡ್ ಹಾಡಿದರೆ ಗುಬ್ಬಿ ಕತ್ತಲಲ್ಲಿ ಕೂರಬೇಕು.

ಹಾಗೆ ಕತ್ತಲಲ್ಲಿ ಕೂತಾಗಲೇ ಗುಬ್ಬಿ ಆ ಹಾಡು ಕಟ್ಟಿದ್ದು. ಪೆನ್ಸಿಲಿನಿಂದ ಟ್ರಂಕಿನ ಮೇಲೆ ತಾಳ ಹಾಕುತ್ತ, ಜಿರಾಫೆಯನ್ನು ಅಣಕಿಸಲೆಂದೇ ಶುರು ಮಾಡಿದ್ದ.

ಒಂದೇ ಪ್ಲಗ್ಗು, ಎರಡು ವೈರು,
ನಿಂದಾ ಮೊದಲು? ನಂದಾ ಮೊದಲು?
ದೀಪ ಹಚ್ಚಿದ್ರೆ ಹಾಡು ಇಲ್ಲ,
ಹಾಡು ಹಚ್ಚಿದ್ರೆ ದೀಪ ಇಲ್ಲ.

ಇಷ್ಟಾದ ಮೇಲೆ ಎಂಟು ಎಣಿಸುವಷ್ಟು ಹೊತ್ತು ಹಾಡು ಪೂರ್ತಿ ನಿಲ್ಲುತ್ತದೆ. ಫ್ಯೂಸ್ ಹೋದ ಹಾಗೆ. ಆಮೇಲೆ ಮೆಲ್ಲಗೆ, ‘ಕತ್ತಲಲ್ಲೇ ಬಾರೋ ಹಾಡೇ’ ಎಂದು ಮತ್ತೆ ಶುರುವಾಗುತ್ತದೆ.

ಆ ಮೌನ ಗುಬ್ಬಿಗೆ ಅಜ್ಜಿಯಿಂದ ಬಂದದ್ದು. ಅಜ್ಜಿ ದಿನಾ ಸಂಜೆ ಕಣ್ಣು ಮುಚ್ಚಿ ಪದ್ಯ ಹೇಳುವಾಗ ಸಾಲು ಸಾಲಿನ ನಡುವೆ ನಿಲ್ಲುತ್ತಿದ್ದಳು. ಮರೆತುಹೋಯಿತೇನೋ ಎಂದು ಗುಬ್ಬಿ ಮುಂದಿನ ಸಾಲನ್ನು ತಾನೇ ಹೇಳಿಬಿಟ್ಟರೆ ತೊಡೆಯ ಮೇಲೆ ಮೆಲ್ಲಗೆ ತಟ್ಟಿ, “ಉಸಿರು ತಗೊಳ್ಳೋ ಜಾಗಾನೂ ಪದ್ಯದ್ದೇ ಕಣೋ, ಅದನ್ಯಾಕೆ ತಿಂತೀಯ?” ಎನ್ನುತ್ತಿದ್ದಳು.

ಅಣಕದ ಹಾಡು ಕೇಳಿ ಜಿರಾಫೆಗೆ ಸಿಟ್ಟು ಬರಲಿಲ್ಲ. ಇನ್ನೊಂದು ಸಲ ಹೇಳು ಎಂದ. ಅವನ ಗಂಟಲು ಜೇನಿನಂಥದ್ದು. ಆದರೆ ಎಣಿಕೆ ಮಾತ್ರ ಅವನಿಗೆ ಒಲಿದಿರಲಿಲ್ಲ. ಎಂಟು ಎಣಿಸು ಎಂದರೆ ಐದಕ್ಕೇ ಬಾಯಿ ಬಿಡುತ್ತಿದ್ದ. ಕೊನೆಗೆ ಒಂದು ಉಪಾಯ ಮಾಡಿದರು. ಅಮ್ಮನ ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ ಹೊಲಿದ ಕೋಟುಗಳನ್ನೂ ಪರದೆಗಳನ್ನೂ ಸಾಲಾಗಿ ನೇತುಹಾಕುತ್ತಿದ್ದರು. ಅಷ್ಟೊಂದು ಬಟ್ಟೆಯ ನಡುವೆ ಹೊರಗಿನ ಸದ್ದು ಸುಳಿಯುತ್ತಿರಲಿಲ್ಲ. ಅಲ್ಲಿ ಕೋಟುಗಳ ಮಧ್ಯೆ ಜಿರಾಫೆ ರೆಕಾರ್ಡರ್ ಹಿಡಿದು ನಿಂತ. ಗುಬ್ಬಿ ಅವನ ಹಿಂದೆ ಸ್ಟೂಲಿನ ಮೇಲೆ ನಿಂತು ಮನಸ್ಸಿನಲ್ಲೇ ಎಂಟು ಎಣಿಸಿ, ಎರಡು ಬೆರಳಿನಿಂದ ಅವನ ಬೆನ್ನು ತಟ್ಟಿದ. ತಟ್ಟಿದ ತಕ್ಷಣ ಜಿರಾಫೆ ಹಾಡಿದ. ಯಾರದೋ ಕೋಟಿನ ತೋಳು ಮೂಗಿಗೆ ತಾಗಿ ಮೂರು ಸಲ ಸೀನು ಬಂತು. ನಾಲ್ಕನೆಯ ಸಲ ಹಾಡು ಕೂದಲೆಳೆಯಷ್ಟೂ ತಪ್ಪಲಿಲ್ಲ.

ಹೊಸ ಹಾಡು ಕಳಿಸಿ ಎಂದು ಕೇಳಿದ್ದ ಮ್ಯೂಸಿಕ್ ಕಂಪನಿಗೆ ಅದನ್ನು ಕಳಿಸಿದ್ದು ಜಿರಾಫೆ. ಫಾರಂ ತುಂಬಿದ್ದೂ ಅವನೇ. ಕಂಪನಿಯ ಮೇಡಮ್ ಬರೆದ ಉತ್ತರ ಮೊನ್ನೆ ಬಂತು. ಊಟದ ಹೊತ್ತಿನಲ್ಲಿ ಅಂಕಲ್ ಅದನ್ನು ಗಟ್ಟಿಯಾಗಿ ಓದಿದರು. ಒಬ್ಬನೇ ಹುಡುಗ ಬರೆದು, ರಾಗ ಹಾಕಿ, ಹಾಡಿರುವುದು ನೋಡಿ ತುಂಬ ಸಂತೋಷವಾಯಿತು, ಶನಿವಾರ ಕರೆತನ್ನಿ ಎಂದಿತ್ತು.

ಒಬ್ಬನೇ ಹುಡುಗ.

ಜಿರಾಫೆಯ ಮುಖ ಕೆಂಪಾಯಿತು. ಅರ್ಧ ಊಟಕ್ಕೇ ಎದ್ದುಹೋದ. ಗುಬ್ಬಿ ಅಮ್ಮನಿಗೆ ಹೇಳಬಹುದಿತ್ತು. ಹೇಳಿದರೆ ಅಮ್ಮ ಜಿರಾಫೆಯನ್ನು ಬೈಯುವುದಿಲ್ಲ, ಮೆತ್ತಗೆ, ನೆಂಟರ ಮಗನ ಹತ್ತಿರ ಮಾತಾಡಿದಂತೆ ಮಾತಾಡುತ್ತಾಳೆ. ಅಂಕಲ್ ಗುಬ್ಬಿಯ ಹತ್ತಿರ ಹಾಗೇ ಮಾತಾಡುತ್ತಾರೆ. ಮನೆಯ ತುಂಬ ಮತ್ತೆ ನೆಂಟರೇ ಆಗಿಬಿಡುತ್ತಾರೆ. ಅದು ಬೇಡ. ತನ್ನ ಹಾಡು ತನ್ನದೆಂದು ತಾನೇ ಹೋಗಿ ಹೇಳಿ ಬರುತ್ತೇನೆ ಎಂದು ಗುಬ್ಬಿ ಅವತ್ತೇ ಗಟ್ಟಿ ಮಾಡಿಕೊಂಡ.

ಬಸ್ಸಿನಲ್ಲಿ ಕಿಟಕಿಗೆ ಹಣೆ ಆನಿಸಿ ಒಂದೇ ಮಾತನ್ನು ತುಟಿಯಲ್ಲೇ ಉರು ಹೊಡೆದ: ಮೇಡಮ್, ಈ ಹಾಡು ಕಟ್ಟಿದ್ದು ನಾನು. ಮೇಡಮ್, ಈ ಹಾಡು ಕಟ್ಟಿದ್ದು ನಾನು. ಹನ್ನೆರಡನೆಯ ಸಲಕ್ಕೆ ಸ್ಟಾಪ್ ಬಂತು.

ಕಂಪನಿ ಇದ್ದದ್ದು ಚಪ್ಪಲಿ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ. ಅಂಕಲ್ ಇಬ್ಬರನ್ನೂ ಬಾಗಿಲವರೆಗೆ ಬಿಟ್ಟು, ಆಂಪ್ಲಿಫೈಯರ್ ಕೊಟ್ಟು ಬರುತ್ತೇನೆಂದು ಹೋದರು. ಕೆಳಗಿನ ಅಂಗಡಿಯ ಹೊಸ ಚರ್ಮದ ವಾಸನೆ ಒಳಗಿನವರೆಗೂ ಬಂದಿತ್ತು. ಗೋಡೆ ಬದಿಗೆ ಹಾವಿನಂತೆ ಸುತ್ತಿಟ್ಟ ಕೇಬಲ್ಲುಗಳು. ಮೇಡಮ್‌ಗೆ ಎರಡು ಕನ್ನಡಕ, ಒಂದು ಮೂಗಿನ ಮೇಲೆ, ಒಂದು ತಲೆಯ ಮೇಲೆ. ರೆಕಾರ್ಡಿಂಗ್ ಮಾಡುವ ಗಡ್ಡದ ಮನುಷ್ಯ ಕುತ್ತಿಗೆಗೆ ಹೆಡ್‌ಫೋನ್ ಹಾಕಿಕೊಂಡು ಬಿಸ್ಕತ್ತು ತಿನ್ನುತ್ತಿದ್ದ.

“ಈ ಪುಟ್ಟ ಯಾರು?” ಎಂದರು ಮೇಡಮ್.

ಜಿರಾಫೆ ತನ್ನ ಶೂ ಲೇಸಿನತ್ತ ನೋಡಿದ. “ಜೊತೆಗೆ ಬಂದಿದಾನೆ” ಎಂದ.

ಗುಬ್ಬಿ ತನ್ನ ಮಾತನ್ನು ಹೇಳಲು ಉಸಿರು ಎಳೆದುಕೊಂಡ. ಅಷ್ಟರಲ್ಲಿ ಜಿರಾಫೆಯನ್ನು ಗಾಜಿನ ಕೋಣೆಯೊಳಗೆ ಕಳಿಸಿಯಾಗಿತ್ತು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಅದು ಉರಿಯುವಾಗ ಯಾರೂ ಮಾತಾಡುವ ಹಾಗಿಲ್ಲ ಎಂದು ಗಡ್ಡದವನು ಸನ್ನೆ ಮಾಡಿದ. ಎಳೆದುಕೊಂಡ ಉಸಿರು ಗುಬ್ಬಿಯ ಎದೆಯಲ್ಲೇ ಉಳಿಯಿತು.

ಜಿರಾಫೆ ಚೆನ್ನಾಗಿಯೇ ಹಾಡಿದ. ಮೇಡಮ್ ತಲೆದೂಗಿದರು. ಮೌನ ಬಂತು. ಒಂದು, ಎರಡು, ಮೂರು, ನಾಲ್ಕು, ಐದು. ‘ಕತ್ತಲಲ್ಲೇ’ ಎಂದುಬಿಟ್ಟ ಜಿರಾಫೆ.

ಇನ್ನೊಂದು ಸಲ ಎಂದರು. ಈ ಸಲ ಆರಕ್ಕೆ. ಗಡ್ಡದವನು ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಸದ್ದು ಕೊಟ್ಟು ನೋಡಿದ. ಜಿರಾಫೆ ಆ ಟಿಕ್‌ಗಳನ್ನು ಎಣಿಸುವ ಭರದಲ್ಲಿ ಹಾಡುವುದನ್ನೇ ಮರೆತ. ಮೇಡಮ್ ತಲೆ ಮೇಲಿನ ಕನ್ನಡಕವನ್ನು ಮೂಗಿಗಿಳಿಸಿ, ಮೂಗಿನದ್ದನ್ನು ತಲೆಗೇರಿಸಿದರು.

“ನೀನು ಕಳಿಸಿದ್ರಲ್ಲಿ ಸರಿಯಾಗಿತ್ತಲ್ಲಪ್ಪ” ಎಂದು ಮೈಕಿನಲ್ಲಿ ಹೇಳಿದರು. “ಅದನ್ನ ಹಾಡಿದ್ದು ನೀನೇ ತಾನೆ? ಇನ್ನೊಂದೇ ಸಲ ನೋಡೋಣ. ಆಗ್ಲಿಲ್ಲಾಂದ್ರೆ ಈ ಹಾಡು ಬಿಟ್ಬಿಡೋಣ.”

ಗಾಜಿನಾಚೆ ಜಿರಾಫೆಯ ಉದ್ದ ಕುತ್ತಿಗೆ ಬಗ್ಗಿತು. ಆಗಲಿ, ಅವನಿಗೆ ಹಾಗೇ ಆಗಬೇಕು ಎಂದುಕೊಂಡ ಗುಬ್ಬಿ. ಆದರೆ ಬೆಂಚಿನ ಮೇಲಿದ್ದ ಅವನ ಬೆರಳುಗಳು ಅವನನ್ನು ಕೇಳದೆಯೇ ಎಂಟು ಎಣಿಸುತ್ತಿದ್ದವು. ಕೆಂಪು ದೀಪ ಆರಿತ್ತು. ಗುಬ್ಬಿ ಎದ್ದು ನಿಂತ.

“ಮೇಡಮ್, ಈ ಹಾಡು ಕಟ್ಟಿದ್ದು ನಾನು.”

ದನಿ ನಡುಗಲಿಲ್ಲ. ಅವನಿಗೇ ಆಶ್ಚರ್ಯವಾಯಿತು.

ಮೇಡಮ್ ಅವನನ್ನು ಮೇಲಿಂದ ಕೆಳಗೆ ನೋಡಿದರು. ನಗಲಿಲ್ಲ. ಫೈಲು ತೆರೆದು ಒಂದು ಹಾಳೆ ಈಚೆ ತೆಗೆದರು. “ಇದರಲ್ಲಿರೋದು ಅವನೊಬ್ಬನ ಹೆಸರಲ್ಲ ಮರಿ. ನೀನೇ ನೋಡು.”

ಗುಬ್ಬಿ ನೋಡಿದ. ಹಾಡಿದವರು ಎಂಬಲ್ಲಿ ಜಿರಾಫೆಯ ಹೆಸರು ಇತ್ತು, ಪೆನ್ನಿನಲ್ಲಿ. ಬರೆದವರು, ರಾಗ ಹಾಕಿದವರು ಎಂಬ ಎರಡು ಸಾಲು ಖಾಲಿ. ಜಿರಾಫೆ ಅಲ್ಲಿ ತನ್ನ ಹೆಸರನ್ನೂ ಬರೆದುಕೊಂಡಿರಲಿಲ್ಲ. ಆದರೆ ಹಾಳೆಯನ್ನು ಬೆಳಕಿಗೆ ಓರೆ ಹಿಡಿದಾಗ ಆ ಖಾಲಿ ಸಾಲುಗಳಲ್ಲಿ ಪೆನ್ಸಿಲಿನ ಗೀರು ಕಂಡಿತು. ಬರೆದು, ರಬ್ಬರಿನಿಂದ ಉಜ್ಜಿದ ಗೀರು. ಅದು ಗುಬ್ಬಿಯದೇ ಹೆಸರು.

ಅದರ ಪಕ್ಕದಲ್ಲಿ ಒಂದು ಪುಟ್ಟ ಚೌಕ. ಇಬ್ಬರಿದ್ದರೆ, ಅವರ ಸಂಬಂಧ ಏನು ಎಂದು ಕೇಳಿತ್ತು. ಅಲ್ಲಿ ಉಜ್ಜಿದ್ದೂ ಉಜ್ಜಿದ್ದೇ. ‘ತಮ್ಮ’ ಎಂದು ಬರೆದು ಅಳಿಸಿದ್ದ. ‘ಆಂಟಿ ಮಗ’ ಎಂದು ಬರೆದು ಅಳಿಸಿದ್ದ. ‘ರೂಮಲ್ಲಿರೋ ಹುಡುಗ’ ಎಂದು ಇಕ್ಕಟ್ಟಿನಲ್ಲಿ ತುರುಕಿ, ಅದನ್ನೂ ಅಳಿಸಿದ್ದ. ಆಮೇಲೆ ಮತ್ತೆ ‘ತಮ್ಮ’. ಅದನ್ನು ಅಳಿಸುವಾಗ ಕಾಗದ ಸವೆದು ತೂತು ಬಿದ್ದಿತ್ತು.

ಗುಬ್ಬಿಗೆ ಶಾಲೆಯ ಮೆಟ್ಟಿಲು ನೆನಪಾಯಿತು. ಫಾರಂ ಕಳಿಸುವ ಹಿಂದಿನ ದಿನ. ಜಿರಾಫೆಯ ಕ್ಲಾಸಿನ ಹುಡುಗರು ಅಲ್ಲಿ ಕೂತಿದ್ದರು. ಇವನು ನಿನ್ನ ತಮ್ಮನೇನೋ ಎಂದು ಯಾರೋ ಕೇಳಿದ್ದರು. ಹೂಂ ಎಂದಿದ್ದ ಜಿರಾಫೆ. ಅವನ ಮಾತು ಮುಗಿಯುವ ಮೊದಲೇ ಗುಬ್ಬಿ, “ಅಲ್ಲ, ಒಂದೇ ಮನೇಲಿರ್ತೀವಿ ಅಷ್ಟೆ” ಎಂದಿದ್ದ. ಎಲ್ಲರೂ ನಕ್ಕಿದ್ದರು. ತಾನೂ ನಕ್ಕಿದ್ದ. ಜಿರಾಫೆ ನಕ್ಕಿದ್ದನೇ? ಅದನ್ನು ಅವತ್ತು ನೋಡಿಯೇ ಇರಲಿಲ್ಲ.

“ಮೇಡಮ್” ಎಂದ ಗುಬ್ಬಿ, ಹಾಳೆಯನ್ನು ಮೇಜಿನ ಮೇಲಿಟ್ಟು. “ಹಾಡು ಸರಿ ಬರಬೇಕು ಅಂದ್ರೆ ನಾನೂ ಒಳಗೆ ಹೋಗ್ಬೇಕು. ಒಂದು ಸ್ಟೂಲ್ ಬೇಕು.”

ಗಡ್ಡದವನು ಬಿಸ್ಕತ್ತಿನ ಡಬ್ಬ ಕೆಳಗಿಟ್ಟು ಸ್ಟೂಲ್ ಕೊಟ್ಟ.

ಒಳಗೆ ಜಿರಾಫೆ ಅವನ ಮುಖ ನೋಡದೆ, “ಫಾರಂ ನೋಡ್ದೆಯಾ?” ಎಂದ.

“ನೋಡ್ದೆ.”

“ಏನು ಬರೀಬೇಕೋ ಗೊತ್ತಾಗ್ಲಿಲ್ಲ. ಇಬ್ಬರ ಹೆಸರು ಹಾಕಿ ಆ ಚೌಕ ಖಾಲಿ ಬಿಟ್ರೆ ಫಾರಂ ತಗೊಳ್ಳಲ್ಲ ಅಂತಿತ್ತು. ಅದಕ್ಕೆ ನಿನ್ನ ಹೆಸರನ್ನೂ ಅಳಿಸ್ಬಿಟ್ಟೆ. ಉತ್ತರ ಬಂದ ದಿನವಾದ್ರೂ ಹೇಳ್ಬೇಕಿತ್ತು.”

“ನನ್ನ ಕೇಳ್ಬೇಕಿತ್ತು.”

“ಹೂಂ. ಕೇಳ್ಬೇಕಿತ್ತು. ತಪ್ಪು ನಂದೇ.”

ಇನ್ನೂ ಏನೋ ಹೇಳಬೇಕೆಂದು ಗುಬ್ಬಿಗೆ ಅನ್ನಿಸಿತು, ಆ ಮೆಟ್ಟಿಲ ಬಗ್ಗೆ. ಅಷ್ಟರಲ್ಲಿ ಕೆಂಪು ದೀಪ ಹತ್ತಿತು. ಅವನು ಸ್ಟೂಲ್ ಹತ್ತಿ ಜಿರಾಫೆಯ ಬೆನ್ನ ಹಿಂದೆ ನಿಂತ.

ಒಂದೇ ಪ್ಲಗ್ಗು, ಎರಡು ವೈರು. ಜಿರಾಫೆ ಹಾಡಿದ. ದೀಪ ಇಲ್ಲ ಎನ್ನುವಲ್ಲಿಗೆ ಬಂದು ನಿಂತ. ಗಾಜಿನ ಕೋಣೆಯಲ್ಲಿ ಮೌನ ತುಂಬಿತು. ಗುಬ್ಬಿ ಎಣಿಸಿದ. ಐದಕ್ಕೆ ಜಿರಾಫೆಯ ಬೆನ್ನು ಉಬ್ಬಿತು, ಈಗಲೇ ಹಾಡಿಬಿಡುತ್ತಾನೆ ಅನ್ನಿಸಿತು. ಹಾಡಲಿಲ್ಲ. ಕಾದ. ಆರು. ಏಳು. ಎಂಟು. ಎರಡು ಬೆರಳು ಬೆನ್ನಿಗೆ ತಾಗಿದವು.

ಕತ್ತಲಲ್ಲೇ ಬಾರೋ ಹಾಡೇ.

ಹಾಡು ಮುಗಿದ ಮೇಲೆ ಮೇಡಮ್ ಎರಡೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಇಬ್ಬರನ್ನೂ ಮೇಜಿನ ಬಳಿ ಕೂರಿಸಿದರು. ತೀರ್ಮಾನ ತಾನೊಬ್ಬಳದೇ ಅಲ್ಲ, ಇನ್ನೂ ಮೂವರು ಕೇಳಬೇಕು, ಎರಡು ವಾರ ಆಗುತ್ತದೆ, ಬೇಡ ಎಂದರೂ ಎನ್ನಬಹುದು ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಆದರೆ ಆ ತೂತು ಬಿದ್ದ ಹಾಳೆಯನ್ನು ಯಾರಿಗೂ ತೋರಿಸುವಂತಿಲ್ಲ ಎಂದು ಹೊಸ ಫಾರಂ ಒಂದನ್ನು ಮುಂದಿಟ್ಟರು.

ಜಿರಾಫೆ ಜೇಬಿನಿಂದ ಪೆನ್ಸಿಲ್ ತೆಗೆದ. ಗುಬ್ಬಿ ಅದನ್ನು ಬದಿಗೆ ಸರಿಸಿ, ಮೇಡಮ್‌ರ ಮೇಜಿನಿಂದ ಪೆನ್ನು ಕೇಳಿ ತೆಗೆದುಕೊಂಡ.

ಹಾಡಿದವರ ಸಾಲನ್ನು ತುಂಬಿದ. ಬರೆದವರ ಸಾಲನ್ನು ತುಂಬಿದ. ರಾಗದ ಸಾಲಿನಲ್ಲಿ ಒಂದು ಕ್ಷಣ ಯೋಚಿಸಿ ಇಬ್ಬರ ಹೆಸರನ್ನೂ ಹಾಕಿದ, ಮೂರನೆಯ ಸಾಲಿನ ಏರಿಳಿತ ಜಿರಾಫೆಯದಲ್ಲವೇ. ಆಮೇಲೆ ಆ ಪುಟ್ಟ ಚೌಕ ಬಂತು.

ಗುಬ್ಬಿಯ ಪೆನ್ನು ನಿಂತಿತು. ಉಸಿರು ತೆಗೆದುಕೊಳ್ಳುವಷ್ಟು ಹೊತ್ತು. ಆಮೇಲೆ ಹಳೆಯ ಹಾಳೆಯಲ್ಲಿ ತೂತು ಬಿದ್ದಲ್ಲಿದ್ದ ಅದೇ ಎರಡು ಅಕ್ಷರ ಬರೆದ, ಒತ್ತಿ, ಯಾವ ರಬ್ಬರಿಗೂ ಬಗ್ಗದ ಹಾಗೆ.

ಮೇಲಿನಿಂದ ಉದ್ದ ಕುತ್ತಿಗೆ ಇಣುಕಿ ನೋಡಿತು. ಗುಬ್ಬಿ ತಲೆ ಎತ್ತದೆ ಮನಸ್ಸಿನಲ್ಲೇ ಎಣಿಸಿದ. ಮೂರು. ನಾಲ್ಕು. ಐದು. ಆರು.

“ಅಕ್ಷರ ಕೋಳಿ ಕೆದರಿದ ಹಾಗಿದೆ” ಎಂದ ಜಿರಾಫೆ.

ಯಾವಾಗಿನಂತೆ, ಎರಡು ಎಣಿಕೆ ಮೊದಲೇ. ಗುಬ್ಬಿ ತಿದ್ದಲು ಹೋಗಲಿಲ್ಲ. ಪೆನ್ನಿನ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟ.