ಅಮೃತಾಳ ಲೆಕ್ಕದ ಪರೀಕ್ಷೆ

"ಈ ಹೊಸ್ತಿಲು ದಾಟಿದ್ಯೋ, ಇವತ್ತಿನಿಂದ ನೀ ನನ್ನ ಸೊಸಿ ಅಲ್ಲ!"

ಬೆಳಗಿನ ಏಳು ಗಂಟೆಗೆ ಬಾಗಿಲಿಗೆ ಅಡ್ಡ ನಿಂತು ನಾಗಲಿಂಗಮ್ಮ ಕೂಗಿದ ಕೂಗಿಗೆ ಕೊಟ್ಟೂರಿನ ಆ ಓಣಿಯೇ ಬೆಚ್ಚಿತು. ಎದುರಿಗೆ ಸೊಸೆ ಅಮೃತಾ, ಕೈಯಲ್ಲಿ ಹಾಲ್ ಟಿಕೆಟ್, ಕಣ್ಣಲ್ಲಿ ನೀರು. ಅಂದು ಕೂಡ್ಲಿಗಿಯಲ್ಲಿ ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆ. ಹದಿನಾರು ವರ್ಷಗಳ ಹಿಂದೆ ಇದೇ ಪರೀಕ್ಷೆಗೆ ಎಂಟು ದಿನವಿರುವಾಗ ಅವಳ ಕೊರಳಿಗೆ ತಾಳಿ ಬಿದ್ದಿತ್ತು. ಆಮೇಲೆ ಎರಡು ಹೆರಿಗೆ, ಮಾವನ ಲಕ್ವ, ಗಂಡನ ಮಂಡಕ್ಕಿ ಭಟ್ಟಿಯ ಆಳುಗಳಿಗೆ ದಿನವೂ ರೊಟ್ಟಿ... ಪುಸ್ತಕಗಳು ಅಟ್ಟ ಸೇರಿದ್ದವು. ಮಾವ ತೀರಿಕೊಂಡ ಮೇಲೆ, ಈ ವರ್ಷ, ಅಂದರೆ ೧೯೯೭ರಲ್ಲಿ, ತಾನೇ ಹೋಗಿ ಪರೀಕ್ಷೆ ಕಟ್ಟಿ ಬಂದಿದ್ದಳು. ಆದರೆ ಹಿಂದಿನ ಸಂಜೆ ಸುದ್ದಿ ಬಂದಿತ್ತು: ಅವಳು ತೊಡೆಯ ಮೇಲೆ ಬೆಳೆಸಿದ ನಾದಿನಿ ಗೀತಾಂಜಲಿಯನ್ನು ನೋಡಲು ಹಗರಿಬೊಮ್ಮನಹಳ್ಳಿಯ ಗಂಡಿನವರು ಮರುದಿನವೇ ಬರುತ್ತಾರೆ!

"ಅತ್ತೀ, ಹೋಳಿಗಿ ಮಾಡಿಟ್ಟೀನ್ರಿ. ಎಣಗಾಯಿ ಆಗೈತಿ. ಎರಡು ಗಂಟಿ ಬಸ್ಸಿಗೆ ಬಂದುಬಿಡ್ತೀನ್ರಿ..."

"ಹೋಳಿಗಿ ಯಾರು ಕೇಳ್ಯಾರ? ಮನಿ ಸೊಸಿ ಎಲ್ಲಿ ಅಂದ್ರ ಏನು ಹೇಳ್ಲಿ? ನಿನಗ ಮನಿ ಮೊದಲೋ, ಲೆಕ್ಕ ಮೊದಲೋ?"

ಅಮೃತಾ ಗಂಡನತ್ತ ನೋಡಿದಳು. ಕೊಟ್ರಸ್ವಾಮಿ ಕೆಟ್ಟವನಲ್ಲ, ತಾಯಿಯ ಮುಂದೆ ಬಾಯಿಲ್ಲದವನು. ಅವನು ನೆಲ ನೋಡಿದ. ಅತ್ತೆಯ ಈ ಪ್ರಶ್ನೆ ಹೊಸದೇನಲ್ಲ. ಪ್ರತಿ ಸಲವೂ ಅದಕ್ಕೆ ಒಂದೇ ಉತ್ತರ ಕೊಟ್ಟು ಕೊಟ್ಟು, "ಆತ್ರಿ" ಎನ್ನುವುದಷ್ಟೇ ತನ್ನ ಗುಣವಾಗಿ ಹೋಯಿತಲ್ಲ ಎಂದು ಅವಳಿಗೆ ಆ ಕ್ಷಣ ಅನಿಸಿತು.

"ಇಷ್ಟು ವರ್ಷ ಮನೀನ ಮೊದಲು ಅಂದೀನ್ರಿ ಅತ್ತೀ. ನಾಳಿನೂ ಅಂತೀನಿ. ಇವತ್ತೊಂದಿನ... ಲೆಕ್ಕ ಮೊದಲು."

ಅತ್ತೆಯ ಕಾಲು ಮುಟ್ಟಿ, ಪಕ್ಕದಿಂದ ನುಸುಳಿ ಹೊರಟೇ ಬಿಟ್ಟಳು. ಬಸ್‌ಸ್ಟ್ಯಾಂಡ್ ಮುಟ್ಟುವವರೆಗೂ ಹಿಂದೆ ತಿರುಗಿ ನೋಡಲಿಲ್ಲ.

ಗಂಡಿನವರು ಬಂದರು. "ಸೊಸಿ ಕಾಣವಲ್ಲಳು?" ಎಂದರು. ನಾಗಲಿಂಗಮ್ಮ ತಡವರಿಸುವಷ್ಟರಲ್ಲಿ ಗೀತಾಂಜಲಿಯೇ, "ಪರೀಕ್ಷಿ ಬರಿಯಾಕ ಹೋಗ್ಯಾರ್ರಿ" ಅಂದುಬಿಟ್ಟಳು. ಗಂಡಿನ ಸೋದರಮಾವ ತಿನ್ನುತ್ತಿದ್ದ ಹೋಳಿಗೆ ಬಿಟ್ಟು ಎದ್ದ. "ಬೀಗರು ಬರೋ ದಿನ ಸೊಸಿ ಊರು ತಿರುಗೋ ಮನಿ ಹೆಣ್ಣು ನಮಗ ಬ್ಯಾಡ್ರಿ!"

ಅಮೃತಾ ಮರಳಿದಾಗ ಮನೆ ಸಾವಿನ ಮನೆಯಂತಿತ್ತು.

"ನನ್ನ ಮಗಳ ಬಾಳಿಗೆ ಮಣ್ಣು ಹಾಕಿದೆಲ್ಲೇ!" ನಾಗಲಿಂಗಮ್ಮ ಎದೆ ಬಡಿದುಕೊಂಡಳು. ಅಮೃತಾ ಕುಸಿದು ಕೂತು ಬಿಕ್ಕಿದಳು. ಅಯ್ಯೋ, ತನ್ನಿಂದ ಈ ಹುಡುಗಿಗೆ...!

"ಯವ್ವಾ, ಸಾಕು ಮಾಡು!" ಗೀತಾಂಜಲಿ ನಡುವೆ ಬಂದಳು. "ಪರೀಕ್ಷಿಗೆ ಹೋಗಿದ್ದು ತಪ್ಪು ಅನ್ನೋ ಮನಿಗೆ ನನ್ನ ಕೊಟ್ಟಿದ್ರ, ನಾಳಿ ನಾನೂ ಹಿಂಗ ಬಾಗಿಲಾಗ ಅಳ್ತಾ ನಿಂದ್ರತಿದ್ದೆ. ಅವಾಗ ನಿನ್ನ ಕರಳು ಚುರ್ ಅಂತಿದ್ದಿಲ್ಲೇನು?"

ನಾಗಲಿಂಗಮ್ಮ ಸೆರಗು ಕೊಡವಿ ಎದ್ದು ಒಳಗೆ ಹೋದಳು. ಆಮೇಲೆ ಸೊಸೆಯ ಜೊತೆ ಎರಡು ತಿಂಗಳು ಮಾತಿಲ್ಲ. ಫಲಿತಾಂಶ ಬಂತು; ಉಳಿದೆಲ್ಲ ಪಾಸು, ಗಣಿತದಲ್ಲಿ ನಾಲ್ಕು ಅಂಕ ಕಡಿಮೆ! ಅಮೃತಾ ಒಂದು ದಿನ ಅತ್ತಳು. ಮರುದಿನ ಹಿಟ್ಟಿನ ಕೈ ತೊಳೆದುಕೊಂಡು ಒಲೆಯ ಪಕ್ಕದಲ್ಲೇ ಮತ್ತೆ ಲೆಕ್ಕ ಹಿಡಿದು ಕೂತಳು. ಎದುರಾಡಲೂ ಇಲ್ಲ, ಪುಸ್ತಕ ಬಿಡಲೂ ಇಲ್ಲ. ನಾಗಲಿಂಗಮ್ಮ ಪಡಸಾಲೆಯಿಂದ ದಿನವೂ ನೋಡುತ್ತಿದ್ದಳು.

ಸೆಪ್ಟೆಂಬರಿನಲ್ಲಿ, ಸಂಬಂಧ ಕುದುರಿಸುವ ಅಜ್ಜಯ್ಯ ಹರಪನಹಳ್ಳಿಯ ಗಂಡೊಂದನ್ನು ತಂದ. "ಗುರುವಾರ ಬರ್ತಾರಂತ್ರಿ."

ಅಡುಗೆಮನೆಯಲ್ಲಿ ಅಮೃತಾಳ ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಗುರುವಾರ ಬ್ಯಾಡ," ಹೊರಗೆ ಅತ್ತೆಯ ದನಿ. "ಅವತ್ತು ನಮ್ಮ ಸೊಸೀದು ಲೆಕ್ಕದ ಪರೀಕ್ಷಿ ಐತಿ. ಶುಕ್ರವಾರ ಬರಾಕ ಹೇಳು. ಒಂದಿನ ತಡಿಯಾಕ ಆಗಲ್ಲ ಅಂದ್ರ ಆ ಮನೀನ ನಮಗ ಬ್ಯಾಡ."

ಅಮೃತಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಷ್ಟರಲ್ಲಿ ನಾಗಲಿಂಗಮ್ಮ ಬಾಗಿಲಲ್ಲಿ ಇಣುಕಿದಳು.

"ಏನು ಕುಂತಿ ಹಂಗ? ಹಂಚಿನ ಮ್ಯಾಲ ರೊಟ್ಟಿ ಸೀದು ಹೋತು! ಏಳು, ಗೀತಾ ಬಡಿತಾಳ. ಹೋಗಿ ಲೆಕ್ಕ ಮಾಡು. ಮತ್ತ ನಾಲ್ಕು ಮಾರ್ಕು ಕಡಿಮಿ ತಂದಿ ಅಂದ್ರ ನೋಡು ನಿನ್ನ!"

ಹದಿನಾರು ವರ್ಷಗಳಲ್ಲಿ ಅತ್ತೆಯ ಗದರಿಕೆಗೆ ಅಮೃತಾ ನಕ್ಕಿದ್ದು ಅದೇ ಮೊದಲು.